ಒಂದೇ ಮಾತು, ಎರಡು ಸ್ಟೇಷನ್: ಕೇಳುಗರ ಲೆಕ್ಕ ಯಾರ ಖಾತೆಗೆ?

ಟಿವಿ ಚಾನೆಲ್‌ಗಳ ಟಿಆರ್‌ಪಿ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ರೇಡಿಯೊ ಬಗ್ಗೆ ಪತ್ರಗಳು ಬರತೊಡಗಿವೆ. ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ಒಂದೇ ಕಾರ್ಯಕ್ರಮ ಎರಡು ಮೂರು ಕಡೆ ಒಟ್ಟಿಗೆ ಬರುತ್ತಿದ್ದರೆ, ಅಂದರೆ ಸೈಮಲ್‌ಕಾಸ್ಟ್ ಆಗುತ್ತಿದ್ದರೆ, ಕೇಳುಗರನ್ನು ಎಣಿಸುವುದು ಹೇಗೆ? ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ದಿನಾ ಆಫೀಸಿಗೆ ಹೋಗುವಾಗ ಕಾರಿನಲ್ಲಿ ನ್ಯೂಯಾರ್ಕ್‌ನ 1010 ವಿನ್ಸ್ ರೇಡಿಯೊ ಸ್ಟೇಷನ್‌ನ ಸುದ್ದಿ ಕೇಳುತ್ತೇನೆ. ಮೊದಲು ಎಎಂನಲ್ಲಿ ಮಾತ್ರ ಇತ್ತು, ಈಗ ಅದೇ ಸುದ್ದಿ ಎಫ್‌ಎಂ 92.3ರಲ್ಲೂ ಬರುತ್ತದೆ. ಸೇತುವೆ ಕೆಳಗೆ ಎಎಂ ಗರಗರ ಅಂದ ಕೂಡಲೇ ಎಫ್‌ಎಂಗೆ ಹೋಗುತ್ತೇನೆ. ನನ್ನೊಬ್ಬನನ್ನು ಎರಡು ಸಲ ಎಣಿಸುತ್ತಾರಾ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ನಿಮ್ಮನ್ನು ಒಂದು ಸಲವೂ ಎಣಿಸದೇ ಇರುವ ಸಾಧ್ಯತೆಯೇ ಜಾಸ್ತಿ! ಬೇಜಾರಾಗಬೇಡಿ. ರೇಡಿಯೊದಲ್ಲಿ ಮಾತು ಆ ಕಡೆಯಿಂದ ಈ ಕಡೆಗೆ ಮಾತ್ರ ಬರುತ್ತದೆ. ನೀವು ಕೇಳುತ್ತಿದ್ದೀರೋ ಇಲ್ಲವೋ ಟವರ್‌ಗೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಲವರನ್ನು ಆರಿಸಿ, ಅವರ ಕಿವಿಗೆ ಬಿದ್ದದ್ದನ್ನು ದಾಖಲು ಮಾಡಿ, ಅದರಿಂದ ಇಡೀ ಊರಿನ ಲೆಕ್ಕ ಕಟ್ಟುತ್ತಾರೆ. ಅಮೆರಿಕದಲ್ಲಿ ಈ ಕೆಲಸ ನೀಲ್ಸನ್ ಕಂಪನಿಯದು. ಅದಕ್ಕೂ ಮೊದಲು ಆರ್ಬಿಟ್ರಾನ್ ಅನ್ನುವ ಕಂಪನಿ ಮಾಡುತ್ತಿತ್ತು. 2013ರಲ್ಲಿ ನೀಲ್ಸನ್ ಅದನ್ನು ಕೊಂಡುಕೊಂಡಿತು.

ನಿಮ್ಮ ನ್ಯೂಯಾರ್ಕ್ ಭಾಗದಂಥ ದೊಡ್ಡ ಮಾರುಕಟ್ಟೆಗಳಲ್ಲಿ, ಸುಮಾರು 48 ಕಡೆ, ಆರಿಸಿದವರಿಗೆ ಒಂದು ಮೀಟರ್ ಕೊಡುತ್ತಾರೆ. ಹೆಸರು ಪೋರ್ಟಬಲ್ ಪೀಪಲ್ ಮೀಟರ್, ಎಲ್ಲರೂ ಕರೆಯುವುದು ಪಿಪಿಎಂ ಅಂತ. ಲೆಕ್ಕಕ್ಕೆ ಇದನ್ನೇ ಆಧಾರವಾಗಿ ಬಳಸಲು ಶುರು ಮಾಡಿದ್ದು 2007ರಲ್ಲಿ, ಫಿಲಡೆಲ್ಫಿಯಾ ಮತ್ತು ಹ್ಯೂಸ್ಟನ್‌ನಲ್ಲಿ. ಹಳೇ ಕಾಲದ ಪೇಜರ್ ನೆನಪಿದೆಯಲ್ವಾ? ಆ ಮೀಟರ್ ಹೆಚ್ಚುಕಮ್ಮಿ ಅದೇ ಗಾತ್ರದ್ದು, ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ಓಡಾಡಬೇಕು, ರಾತ್ರಿ ಮಲಗುವಾಗ ಚಾರ್ಜಿಂಗ್ ಸ್ಟ್ಯಾಂಡಿನಲ್ಲಿ ಇಡಬೇಕು. ಆಮೇಲೆ ಕೈಗೆ ಕಟ್ಟಿಕೊಳ್ಳುವಂಥವೂ ಬಂದವು.

ಈ ಮೀಟರ್ ಹಾಡು ಗುರುತು ಹಿಡಿಯುವುದಿಲ್ಲ, ಸುದ್ದಿ ಓದುವವರ ದನಿಯೂ ಅದಕ್ಕೆ ಬೇಡ. ಅದು ಹುಡುಕುವುದು ಒಂದು ಕೋಡ್ ಮಾತ್ರ. ಸ್ಟುಡಿಯೊದಿಂದ ಟ್ರಾನ್ಸ್‌ಮಿಟರ್‌ಗೆ ದನಿ ಹೋಗುವ ದಾರಿಯಲ್ಲಿ ಎನ್‌ಕೋಡರ್ ಅನ್ನುವ ಒಂದು ಪೆಟ್ಟಿಗೆ ಕೂರಿಸಿರುತ್ತಾರೆ. ಅದು ಮಾತು, ಹಾಡುಗಳ ಅಡಿಯಲ್ಲಿ, ಸುಮಾರು 1ರಿಂದ 3 ಕಿಲೋಹರ್ಟ್ಸ್ ನಡುವೆ, ಸಣ್ಣ ಸಣ್ಣ ಸ್ವರಗಳನ್ನು ಸೇರಿಸುತ್ತಾ ಹೋಗುತ್ತದೆ. ಮೇಲಿನ ದನಿ ಜೋರಾಗಿರುವುದರಿಂದ ನಮಗೆ ಅವು ಕೇಳಿಸುವುದಿಲ್ಲ, ಆದರೆ ಮೀಟರ್‌ನ ಮೈಕ್‌ಗೆ ಕೇಳಿಸುತ್ತವೆ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಕೋಡ್ ಬಿತ್ತು ಅಂತ ಅದು ಬರೆದುಕೊಳ್ಳುತ್ತದೆ. ಅಷ್ಟೇ ಕೆಲಸ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಎಂಗೆ ಬೇರೆ ಕೋಡ್, ಎಫ್‌ಎಂಗೆ ಬೇರೆ ಕೋಡ್, ಆ್ಯಪ್‌ನಲ್ಲಿ ಬರುವ ಸ್ಟ್ರೀಮ್‌ಗೆ ಇನ್ನೊಂದು ಕೋಡ್ ಕೊಡಬಹುದು. ಆದ್ದರಿಂದ ನೀವು ಸೇತುವೆ ಕೆಳಗೆ ಬ್ಯಾಂಡ್ ಬದಲಾಯಿಸಿದ್ದು ಕೂಡ ಮೀಟರ್‌ಗೆ ಗೊತ್ತಾಗುತ್ತದೆ, ಅಂದರೆ ನಿಮ್ಮ ಬಳಿ ಮೀಟರ್ ಇದ್ದರೆ. ಎರಡೂ ಕಡೆ ಕಾರ್ಯಕ್ರಮ, ಜಾಹೀರಾತು ಎಲ್ಲವೂ ನೂರಕ್ಕೆ ನೂರು ಒಂದೇ ಆಗಿದ್ದರೆ, ಎರಡನ್ನೂ ಸೇರಿಸಿ ವರದಿಯಲ್ಲಿ ಒಂದೇ ಸಾಲಿನಲ್ಲಿ ತೋರಿಸಬಹುದು ಅನ್ನುವುದು ನಿಯಮ. ಆಗ ನೀವು ಎಷ್ಟು ಸಲ ಅತ್ತಿಂದಿತ್ತ ಹಾರಿದರೂ ಆ ಸಾಲಿನಲ್ಲಿ ನೀವು ಒಬ್ಬರೇ.

ಪ್ರಶ್ನೆ: ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ? ಎಎಂ ಕೇಳುಗರು ಇಷ್ಟು, ಎಫ್‌ಎಂ ಕೇಳುಗರು ಇಷ್ಟು, ಕೂಡಿದರೆ ಆಯ್ತಲ್ಲ?
– ಓದುಗರು, ದಾವಣಗೆರೆ

ಉತ್ತರ: ಮದುವೆ ಲೆಕ್ಕ ಹಾಕಿ ನೋಡಿ. ಗಂಡಿನ ಕಡೆಯವರ ಪಟ್ಟಿಯಲ್ಲಿ 300 ಜನ, ಹೆಣ್ಣಿನ ಕಡೆಯವರ ಪಟ್ಟಿಯಲ್ಲಿ 250. ಅದರಲ್ಲಿ 40 ಜನ ಎರಡೂ ಕಡೆಗೆ ಬೇಕಾದವರು, ಎರಡೂ ಪಟ್ಟಿಯಲ್ಲಿ ಅವರ ಹೆಸರಿದೆ. ಅಡುಗೆ ಭಟ್ಟರಿಗೆ 550 ಎಲೆ ಅಂತ ಹೇಳಿದರೆ 40 ಎಲೆ ದಂಡ.

ರೇಡಿಯೊದಲ್ಲಿ ಈ 'ಎಷ್ಟು ಬೇರೆ ಬೇರೆ ಜನ ಕೇಳಿದರು' ಅನ್ನುವ ಲೆಕ್ಕಕ್ಕೆ ಕ್ಯೂಮ್ ಅನ್ನುತ್ತಾರೆ. ಇಡೀ ವಾರದಲ್ಲಿ ಒಂದೇ ಒಂದು ಸಲ, ಕೆಲವೇ ನಿಮಿಷ ಕೇಳಿದವರೂ ಅದರಲ್ಲಿ ಒಂದು ತಲೆ, ಬೆಳಗಿನಿಂದ ರಾತ್ರಿ ತನಕ ಅಂಗಡಿಯಲ್ಲಿ ಹಾಕಿಟ್ಟವರೂ ಒಂದು ತಲೆ. ಎರಡು ಸ್ಟೇಷನ್‌ಗಳ ಕ್ಯೂಮ್ ಕೂಡಿದರೆ, ಎರಡನ್ನೂ ಕೇಳಿದವರು ಎರಡು ತಲೆ ಆಗಿಬಿಡುತ್ತಾರೆ. ಅದಕ್ಕೇ ಮೂಲ ದಾಖಲೆಗೆ ವಾಪಸ್ ಹೋಗಿ, ಒಬ್ಬೊಬ್ಬರ ಮೀಟರ್ ನೋಡಿ, ಪುನರಾವರ್ತನೆ ತೆಗೆದು ಮತ್ತೆ ಎಣಿಸಬೇಕು. ಅಚ್ಚಾದ ವರದಿ ಎದುರಿಗಿಟ್ಟುಕೊಂಡು ಕ್ಯಾಲ್ಕುಲೇಟರ್‌ನಲ್ಲಿ ಆಗುವ ಕೆಲಸ ಅಲ್ಲ ಇದು.

ಇನ್ನೊಂದು ಲೆಕ್ಕ ಇದೆ, ಎವರೇಜ್ ಕ್ವಾರ್ಟರ್ ಅವರ್. ಯಾವುದೇ ಕಾಲು ಗಂಟೆ ತೆಗೆದುಕೊಂಡರೂ ಸರಾಸರಿ ಎಷ್ಟು ಜನ ಕೇಳುತ್ತಿದ್ದರು ಅನ್ನೋದು. ರೇಟಿಂಗ್, ಶೇರ್ ಅಂತ ಪೇಪರ್‌ನಲ್ಲಿ ಬರುವುದೆಲ್ಲ ಇದರಿಂದ ಹುಟ್ಟಿದ್ದು. ಇದನ್ನು ಕೂಡಬಹುದು ಅಂತ ಅನ್ನಿಸುತ್ತದೆ, ಒಂದು ಹೊತ್ತಿಗೆ ಒಬ್ಬರು ಒಂದನ್ನೇ ಅಲ್ವಾ ಕೇಳುವುದು? ಆದರೆ ಒಂದೇ ಕಾಲು ಗಂಟೆಯಲ್ಲಿ ಏಳು ನಿಮಿಷ ಎಎಂ, ಏಳು ನಿಮಿಷ ಎಫ್‌ಎಂ ಕೇಳಿದವರು ಎರಡಕ್ಕೂ ಸಿಗುತ್ತಾರೆ. ಸಾಲು ಒಂದೇ ಆದಾಗ ಅಲ್ಲೂ ಒಂದು ತಲೆ ಕಡಿಮೆ ಮಾಡಬೇಕು. ಇದರ ಉಲ್ಟಾ ಕೂಡ ಆಗುತ್ತದೆ, ಮುಂದಿನ ಉತ್ತರ ನೋಡಿ.

ಪ್ರಶ್ನೆ: ಐದು ನಿಮಿಷದ ನಿಯಮ ಹೋಗಿ ಮೂರು ನಿಮಿಷದ ನಿಯಮ ಬಂದಿದೆ ಅಂತ ಓದಿದೆ. ಏನದು?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗಡಿಯಾರದ ಒಂದು ಗಂಟೆಯನ್ನು ನಾಲ್ಕು ತುಂಡು ಮಾಡಿ: 8:00, 8:15, 8:30, 8:45. ಒಂದು ತುಂಡಿನಲ್ಲಿ ಕನಿಷ್ಠ ಐದು ನಿಮಿಷ ಕೇಳಿದರೆ ಆ ಇಡೀ ಕಾಲು ಗಂಟೆ ಸ್ಟೇಷನ್ ಖಾತೆಗೆ ಬೀಳುತ್ತಿತ್ತು. ನಾಲ್ಕು ನಿಮಿಷ ಕೇಳಿದರೆ ಸೊನ್ನೆ. ಐದು ನಿಮಿಷ ಸತತ ಆಗಬೇಕಿಲ್ಲ, ತುಂಡು ತುಂಡಾಗಿ ಕೇಳಿದ್ದೂ ಸೇರುತ್ತದೆ. 2025ರ ಜನವರಿಯಿಂದ ನೀಲ್ಸನ್ ಪಿಪಿಎಂ ಮಾರುಕಟ್ಟೆಗಳಲ್ಲಿ ಇದನ್ನು ಮೂರು ನಿಮಿಷಕ್ಕೆ ಇಳಿಸಿತು.

ಇದರಿಂದ ಏನಾಗುತ್ತದೆ ಅನ್ನೋದಕ್ಕೆ ಮೇಲೆ ಹೇಳಿದ ವಿನ್ಸ್ ಸ್ಟೇಷನ್ನೇ ಒಳ್ಳೆಯ ಉದಾಹರಣೆ. 1965ರಿಂದ ಅದು ಬರೀ ಸುದ್ದಿಯ ಸ್ಟೇಷನ್. 'ನೀವು 22 ನಿಮಿಷ ಕೊಡಿ, ನಾವು ಜಗತ್ತನ್ನೇ ಕೊಡುತ್ತೇವೆ' ಅನ್ನೋದು ಅದರ ಹೆಸರುವಾಸಿ ಮಾತು. ಯಾರೋ ಒಬ್ಬರು 8:12ಕ್ಕೆ ಕಾರು ಹತ್ತಿ, ಸರಿಯಾಗಿ ಆ 22 ನಿಮಿಷ ಕೇಳಿ, 8:34ಕ್ಕೆ ಇಳಿದರು ಅಂದುಕೊಳ್ಳಿ. ಮೊದಲ ತುಂಡಿನಲ್ಲಿ 3 ನಿಮಿಷ, ಎರಡನೆಯದರಲ್ಲಿ ಪೂರ್ತಿ 15, ಮೂರನೆಯದರಲ್ಲಿ 4. ಹಳೇ ನಿಯಮದಲ್ಲಿ ಸ್ಟೇಷನ್‌ಗೆ ಸಿಕ್ಕಿದ್ದು ಒಂದೇ ಕಾಲು ಗಂಟೆ. ಹೊಸ ನಿಯಮದಲ್ಲಿ ಮೂರು! ಕಾರು ಅದೇ, ಕಿವಿ ಅದೇ, 22 ನಿಮಿಷ ಕೂಡ ಅದೇ. ಅದಕ್ಕೇ 2025ರಲ್ಲಿ ಯಾವುದಾದರೂ ಸ್ಟೇಷನ್ 'ನಮ್ಮ ಕೇಳುಗರು ಏಕಾಏಕಿ ಜಾಸ್ತಿಯಾದರು' ಅಂತ ಬೀಗಿದ್ದರೆ ಸ್ವಲ್ಪ ಉಪ್ಪು ಖಾರ ಕಳೆದು ಓದಬೇಕು.

ಸೈಮಲ್‌ಕಾಸ್ಟ್‌ಗೆ ಇದು ಹೇಗೆ ಅಂಟುತ್ತದೆ ಅಂದರೆ: ಒಂದು ಕಾಲು ಗಂಟೆಯಲ್ಲಿ 2 ನಿಮಿಷ ಎಎಂ, 2 ನಿಮಿಷ ಎಫ್‌ಎಂ ಕೇಳಿದರೆ, ಬೇರೆ ಬೇರೆ ಸಾಲಾಗಿದ್ದಾಗ ಎರಡಕ್ಕೂ ಸೊನ್ನೆ. ಒಂದೇ ಸಾಲಾದರೆ ನಾಲ್ಕು ನಿಮಿಷ, ಲೆಕ್ಕಕ್ಕೆ ಬಂತು. ಸೇರಿಸಿದಾಗ ಕೆಲವು ಕಡೆ ತಲೆ ಕಡಿಮೆಯಾಗುತ್ತದೆ, ಕೆಲವು ಕಡೆ ಎಲ್ಲೂ ಇಲ್ಲದ ತಲೆ ಹೊಸದಾಗಿ ಹುಟ್ಟುತ್ತದೆ. ದಾವಣಗೆರೆಯವರೇ, ಬರೀ ಕೂಡೋದು ಯಾಕೆ ಆಗಲ್ಲ ಅಂತ ಈಗ ಗೊತ್ತಾಯಿತಲ್ಲ?

ಪ್ರಶ್ನೆ: ಒಂದೇ ಕಾರ್ಯಕ್ರಮ ಎರಡು ಕಡೆ ಹಾಕಿ ಒಂದು ಫ್ರೀಕ್ವೆನ್ಸಿ ಹಾಳು ಮಾಡೋದು ಯಾಕೆ?
– ಓದುಗರು, ಧಾರವಾಡ

ಉತ್ತರ: ಹಿಂದೆ ಅಮೆರಿಕದ ಸರ್ಕಾರವೂ ಇದನ್ನೇ ಕೇಳಿತ್ತು. ಆಗ ಎಎಂ ದೊಡ್ಡಣ್ಣ. ಎಫ್‌ಎಂ ಲೈಸೆನ್ಸ್ ಇಟ್ಟುಕೊಂಡವರು ಎಎಂನಲ್ಲಿ ಬರುತ್ತಿದ್ದುದನ್ನೇ ಅಲ್ಲೂ ಹರಿಯಬಿಟ್ಟು ಸುಮ್ನೆ ಕೂರುತ್ತಿದ್ದರು. ರೇಡಿಯೊ ಲೈಸೆನ್ಸ್ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1964ರಲ್ಲಿ ಒಂದು ನಿಯಮ ತಂದಿತು. ಒಂದು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರುಗಳಲ್ಲಿ ಎಫ್‌ಎಂನವರು ಅರ್ಧ ಹೊತ್ತಿಗಿಂತ ಹೆಚ್ಚು ಎಎಂ ಕಾರ್ಯಕ್ರಮ ಹಾಕುವಂತಿಲ್ಲ ಅಂತ. ಬೇರೆ ಏನಾದರೂ ಹಾಕಲೇಬೇಕಾಯಿತು, ಹಾಗೆ ಎಫ್‌ಎಂ ತನ್ನದೇ ಸಂಗೀತ, ತನ್ನದೇ ಕೇಳುಗರನ್ನು ಕಟ್ಟಿಕೊಂಡಿತು. 1986ರಲ್ಲಿ ಆ ನಿಯಮ ತೆಗೆದರು.

ಈಗ ಎಲ್ಲ ತಿರುವುಮುರುವು. ಕೇಳುಗರು ಎಫ್‌ಎಂನಲ್ಲಿದ್ದಾರೆ, ಎಎಂನ ಹಳೇ ಸುದ್ದಿ ಸ್ಟೇಷನ್‌ಗಳು ಅವರನ್ನು ಹುಡುಕಿಕೊಂಡು ಅಲ್ಲಿಗೆ ಹೊರಟಿವೆ. ಸ್ಯಾನ್ ಫ್ರಾನ್ಸಿಸ್ಕೊದ ಕೆಸಿಬಿಎಸ್ 2008ರಲ್ಲಿ, ಶಿಕಾಗೊದ ಡಬ್ಲ್ಯುಬಿಬಿಎಂ 2011ರಲ್ಲಿ, ಫಿಲಡೆಲ್ಫಿಯಾದ ಕೆವೈಡಬ್ಲ್ಯು 2020ರಲ್ಲಿ, ಲಾಸ್ ಏಂಜಲೀಸ್‌ನ ಕೆಎನ್‌ಎಕ್ಸ್ 2021ರಲ್ಲಿ, ವಿನ್ಸ್ 2022ರ ಅಕ್ಟೋಬರ್‌ನಲ್ಲಿ. ಎಎಂ ಕಿತ್ತುಹಾಕಿದರೆ ಹಳಬರು ಹೋಗುತ್ತಾರೆ, ಇಟ್ಟುಕೊಂಡರೆ ಇಬ್ಬರೂ ಸಿಗುತ್ತಾರೆ. ಲೆಕ್ಕದಲ್ಲಿ ಒಂದೇ ಸಾಲು ಸಿಗುವುದರಿಂದ ಜಾಹೀರಾತು ಮಾರುವವರಿಗೂ ಸಲೀಸು.

ಪ್ರಶ್ನೆ: ನಾನು ಜಾಹೀರಾತು ಕಂಪನಿಯಲ್ಲಿದ್ದೇನೆ. ಸ್ಟೇಷನ್‌ನ ಆ್ಯಪ್‌ನಲ್ಲೂ ಅದೇ ಕಾರ್ಯಕ್ರಮ ಬರುತ್ತದಲ್ಲ, ಅದನ್ನೂ ಸೇರಿಸುತ್ತಾರಾ?
– ಓದುಗರು, ಬೆಂಗಳೂರು

ಉತ್ತರ: ನಿಮಗೆ ಇದು ಬೇಗ ಅರ್ಥವಾಗುತ್ತದೆ. ಸ್ಟ್ರೀಮ್‌ನಲ್ಲಿ ಜಾಹೀರಾತೂ ಸೇರಿ ಎಲ್ಲ ಅದೇ ಬಂದರೆ ಸೇರಿಸಬಹುದು, ಇದಕ್ಕೆ ಟೋಟಲ್ ಲೈನ್ ರಿಪೋರ್ಟಿಂಗ್ ಅನ್ನುತ್ತಾರೆ. ಜಾಹೀರಾತು ಬೇರೆಯಾದರೆ ಸ್ಟ್ರೀಮ್ ಪ್ರತ್ಯೇಕ ಸಾಲು.

ನೋಡಿ, ಈ ಇಡೀ ವ್ಯವಸ್ಥೆಯ ಗುಟ್ಟು ಇಲ್ಲೇ ಇರೋದು. ರೇಟಿಂಗ್ ಅಂದರೆ ಕಾರ್ಯಕ್ರಮ ಎಷ್ಟು ಜನರಿಗೆ ಇಷ್ಟ ಅನ್ನುವ ಲೆಕ್ಕ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ದುಡ್ಡು ಕೊಟ್ಟವರ ಜಾಹೀರಾತು ಎಷ್ಟು ಕಿವಿಗೆ ಬಿತ್ತು ಅನ್ನುವ ಲೆಕ್ಕ ಅದು. ಎಎಂ ಕೇಳುವವರಿಗೂ ಎಫ್‌ಎಂ ಕೇಳುವವರಿಗೂ ಒಂದೇ ಸೋಪಿನ ಜಾಹೀರಾತು ಕೇಳಿಸಿದರೆ ಸೋಪಿನ ಕಂಪನಿಗೆ ಅವರಿಬ್ಬರೂ ಒಂದೇ ಗುಂಪು. ಆ್ಯಪ್‌ನಲ್ಲಿ ಅದೇ ಹೊತ್ತಿಗೆ ಸೋಪಿನ ಬದಲು ವಿಮೆಯ ಜಾಹೀರಾತು ಬಂದರೆ, ಆ ಕೇಳುಗರನ್ನು ತೋರಿಸಿ ಸೋಪಿನವರ ಹತ್ತಿರ ದುಡ್ಡು ಕೇಳುವುದು ಮೋಸ ಆಗುತ್ತದೆ. ಕಾರ್ಯಕ್ರಮ ಅಕ್ಷರಕ್ಷರ ಒಂದೇ ಆಗಿದ್ದರೂ ಅಷ್ಟೇ.

ಅಮೆರಿಕದಲ್ಲಿ ಬಹಳ ವರ್ಷ ಸ್ಟ್ರೀಮ್‌ನ ಜಾಹೀರಾತು ಬೇರೆ ಇರಲು ಇನ್ನೊಂದು ಕಾರಣವೂ ಇತ್ತು. ಜಾಹೀರಾತಿಗೆ ದನಿ ಕೊಟ್ಟ ಕಲಾವಿದರ ಸಂಘದ ಒಪ್ಪಂದದ ಪ್ರಕಾರ ಅದೇ ಜಾಹೀರಾತು ಇಂಟರ್‌ನೆಟ್‌ನಲ್ಲಿ ಹೋದರೆ ಅವರಿಗೆ ಹೆಚ್ಚುವರಿ ದುಡ್ಡು ಕೊಡಬೇಕು. ಸ್ಟೇಷನ್‌ನವರು ಅದರ ಸಹವಾಸವೇ ಬೇಡ ಅಂತ ಸ್ಟ್ರೀಮ್‌ನಲ್ಲಿ ಆ ಜಾಗಕ್ಕೆ ಬೇರೆ ಏನಾದರೂ ತುಂಬುತ್ತಿದ್ದರು. ಆಟಗಳ ಕಾಮೆಂಟರಿಯದೂ ಇಂಥದೇ ಕಥೆ. ರೇಡಿಯೊ ಹಕ್ಕು ಒಬ್ಬರಿಗೆ, ಇಂಟರ್‌ನೆಟ್ ಹಕ್ಕು ಇನ್ನೊಬ್ಬರಿಗೆ ಮಾರಿರುತ್ತಾರೆ, ಪಂದ್ಯ ಶುರುವಾದಾಗ ಆ್ಯಪ್‌ನಲ್ಲಿ ಬೇರೇನೋ ಬರುತ್ತದೆ. ಸೈಮಲ್‌ಕಾಸ್ಟ್ ಅಲ್ಲೇ ಮುರಿಯಿತು.

ಇನ್ನೊಂದು ತೊಡಕು ಇಯರ್‌ಫೋನ್. ಮೀಟರ್‌ಗೆ ಕೇಳಿಸುವುದು ಗಾಳಿಯಲ್ಲಿ ಬಂದ ದನಿ ಮಾತ್ರ. ಕಿವಿಯೊಳಗೆ ಸಿಕ್ಕಿಸಿಕೊಂಡು ಕೇಳಿದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಆ ಕೊರತೆಯನ್ನು ಅಂದಾಜು ಹಾಕಿ ತುಂಬುವ ಕ್ರಮವನ್ನು ನೀಲ್ಸನ್ 2020ರಲ್ಲಿ ತಂದಿತು. ಅಂದರೆ ಸ್ಟ್ರೀಮ್‌ನ ಲೆಕ್ಕದಲ್ಲಿ ಅಳೆದದ್ದರ ಜೊತೆ ಅಂದಾಜೂ ಸೇರಿದೆ. ನಿಮ್ಮ ಗ್ರಾಹಕರಿಗೆ ವರದಿ ಕೊಡುವಾಗ ಇದು ನೆನಪಿರಲಿ.

ಪ್ರಶ್ನೆ: ಆ ಕೋಡ್ ಅನ್ನೇ ಜೋರು ಮಾಡಿದರೆ ರೇಟಿಂಗ್ ಜಾಸ್ತಿ ಆಗುತ್ತಾ?
– ಓದುಗರು, ಮೈಸೂರು

ಉತ್ತರ: ನಿಮ್ಮ ತಲೆಗೆ ಬಂದದ್ದು ಅವರ ತಲೆಗೂ ಬಂದಿತ್ತು! ಮೆಲುದನಿಯ ಮಾತು, ನಡುನಡುವೆ ಮೌನ ಇದ್ದರೆ ಕೋಡ್ ಬಚ್ಚಿಡಲು ಜಾಗ ಸಿಗುವುದಿಲ್ಲ, ಮೀಟರ್ ಹಿಡಿಯುವುದೂ ಕಷ್ಟ. ವೋಲ್ಟೇರ್ ಅನ್ನುವ ಒಂದು ಯಂತ್ರ ಬಂತು, ಕೋಡ್ ಚೆನ್ನಾಗಿ ಸಿಗುವಂತೆ ದನಿಯನ್ನು ಹದ ಮಾಡುವಂಥದು. 2015ರ ಹೊತ್ತಿಗೆ ಅದರ ಮೇಲೆ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ನೀಲ್ಸನ್ ತನ್ನ ಕೋಡನ್ನೇ ಗಟ್ಟಿ ಮಾಡಿತು. ಸೈಮಲ್‌ಕಾಸ್ಟ್‌ನಲ್ಲಿ ಎಎಂನ ದನಿ ಮೊದಲೇ ಗೊಗ್ಗರು, ಎಫ್‌ಎಂನದು ಸ್ವಚ್ಛ. ಮಾತು ಒಂದೇ ಆದರೂ ಕೋಡ್ ಎರಡೂ ಕಡೆ ಒಂದೇ ಥರ ಸಿಗಬೇಕು ಅಂತೇನಿಲ್ಲ.

ಪ್ರಶ್ನೆ: ನಮ್ಮ ಬ್ರಿಟನ್‌ನಲ್ಲೂ ಮೀಟರ್ ಇದೆಯಾ? ಬಿಬಿಸಿ ರೇಡಿಯೊ 4 ನಮಗೆ ಎಫ್‌ಎಂ, ಡಿಜಿಟಲ್, ಟಿವಿ, ಫೋನ್ ಎಲ್ಲದರಲ್ಲೂ ಸಿಗುತ್ತದೆ.
– ಓದುಗರು, ಲಂಡನ್

ಉತ್ತರ: ನಿಮ್ಮಲ್ಲಿ ಮುಖ್ಯವಾಗಿ ಡೈರಿ. 1992ರಲ್ಲಿ ಶುರುವಾದ ರಾಜಾರ್ ಅನ್ನುವ ಸಂಸ್ಥೆ ಎಣಿಸುತ್ತದೆ. ಅದರಲ್ಲಿ ಬಿಬಿಸಿಗೂ ಖಾಸಗಿ ರೇಡಿಯೊದವರಿಗೂ ಪಾಲಿದೆ. 15 ವರ್ಷ ದಾಟಿದವರನ್ನು ಆರಿಸಿ, ಒಂದು ವಾರ ಯಾವ ಕಾಲು ಗಂಟೆಯಲ್ಲಿ ಯಾವ ಸ್ಟೇಷನ್ ಕೇಳಿದಿರಿ, ಎಲ್ಲಿ ಕೇಳಿದಿರಿ, ಯಾವುದರಲ್ಲಿ ಕೇಳಿದಿರಿ ಅಂತ ಗುರುತು ಹಾಕಿಸುತ್ತಾರೆ. ಡೈರಿಯಲ್ಲಿ ಸೈಮಲ್‌ಕಾಸ್ಟ್ ಸಮಸ್ಯೆ ಅರ್ಧಕ್ಕರ್ಧ ತಾನಾಗಿ ಕರಗಿಹೋಗುತ್ತದೆ, ಯಾಕೆಂದರೆ ಜನರ ತಲೆಯಲ್ಲಿರುವುದು ಸ್ಟೇಷನ್ ಹೆಸರು. ಕೇಳಿದ್ದು 'ರೇಡಿಯೊ 4', ಅಷ್ಟೇ. ಯಾವುದರಲ್ಲಿ ಅನ್ನೋದು ಪಕ್ಕದ ಕಾಲಂ. ರೇಡಿಯೊ 4ರ ಲಾಂಗ್‌ವೇವ್ ಅನ್ನುವ ಹಳೇ ಬ್ಯಾಂಡ್‌ನಲ್ಲಿ ಮೊದಲು ಕೆಲವು ಹೊತ್ತು ಬೇರೆ ಕಾರ್ಯಕ್ರಮ ಇರುತ್ತಿತ್ತು, ಅದು 2024ರಲ್ಲಿ ನಿಂತಿತು.

ಅಮೆರಿಕದ ಸಣ್ಣ ಊರುಗಳಲ್ಲೂ ಡೈರಿಯೇ. ಕಾಗದದ ಪುಟ್ಟ ಪುಸ್ತಕ, ಗುರುವಾರ ಶುರುವಾಗಿ ಬುಧವಾರ ಮುಗಿಯುತ್ತದೆ. ಪುಟದಲ್ಲಿ ಕೇಳಲು ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಸ್ಟೇಷನ್ ಹೆಸರೋ ನಂಬರೋ, ಎಎಂ ಅಥವಾ ಎಫ್‌ಎಂ ಅಂತ ಗುರುತು ಹಾಕುವ ಸಣ್ಣ ಚೌಕ, ಆಮೇಲೆ ಮನೆ, ಕಾರು, ಆಫೀಸು ಅಂತ ಜಾಗ. ತಮಾಷೆ ಇರೋದು ಆ ಸಣ್ಣ ಚೌಕದಲ್ಲಿ. ಎಷ್ಟೋ ಜನರಿಗೆ ತಮ್ಮ ಕಾರಿನ ರೇಡಿಯೊ ಯಾವ ಬ್ಯಾಂಡ್‌ನಲ್ಲಿದೆ ಅನ್ನೋದೇ ಗೊತ್ತಿರುವುದಿಲ್ಲ, ಎರಡನೇ ಬಟನ್ ಒತ್ತಿದರೆ ಸುದ್ದಿ ಬರುತ್ತದೆ ಅನ್ನೋದಷ್ಟೇ ಗೊತ್ತು. ಬುಧವಾರ ರಾತ್ರಿ ಕೂತು ಇಡೀ ವಾರದ್ದನ್ನು ನೆನಪಿನಿಂದ ತುಂಬುವವರೂ ಇರುತ್ತಾರೆ, ನಾವು ಪರೀಕ್ಷೆ ಹಿಂದಿನ ದಿನ ಪ್ರಾಕ್ಟಿಕಲ್ ರೆಕಾರ್ಡ್ ಬರೆದು ಮುಗಿಸುತ್ತಿರಲಿಲ್ವಾ! ಒಂದೇ ಸಾಲಿನ ಸೈಮಲ್‌ಕಾಸ್ಟ್ ಆದರೆ ಚೌಕದಲ್ಲಿ ತಪ್ಪು ಗುರುತು ಬಿದ್ದರೂ ಸ್ಟೇಷನ್‌ಗೆ ನಷ್ಟ ಇಲ್ಲ.

ಪ್ರಶ್ನೆ: ಪ್ರದೇಶ ಸಮಾಚಾರವನ್ನು ಬೆಂಗಳೂರಿನಿಂದ ನಮ್ಮ ಹಾಸನ ಆಕಾಶವಾಣಿ ರಿಲೇ ಮಾಡುತ್ತದೆ. ಕೇಳುಗರು ಬೆಂಗಳೂರಿನ ಲೆಕ್ಕಕ್ಕೋ, ಹಾಸನದ ಲೆಕ್ಕಕ್ಕೋ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಆದರೆ ಅಮೆರಿಕದ ಥರ ದನಿಯೊಳಗೆ ಕೋಡ್ ಬಚ್ಚಿಟ್ಟು ಎಣಿಸುವ ವ್ಯವಸ್ಥೆ ನಮ್ಮ ರೇಡಿಯೊಗೆ ಇಲ್ಲ. ಟ್ಯಾಮ್ ಸಂಸ್ಥೆ 2007ರಲ್ಲಿ ರ್‍ಯಾಮ್ ಅನ್ನುವ ಡೈರಿ ಲೆಕ್ಕ ಶುರು ಮಾಡಿತು, ಅದು ಮುಂಬಯಿ, ದೆಹಲಿ, ಬೆಂಗಳೂರು, ಕೋಲ್ಕತ್ತ ಈ ನಾಲ್ಕು ಊರುಗಳದು. ಹಾಸನ ಅದರ ನಕ್ಷೆಯಲ್ಲೇ ಇರಲಿಲ್ಲ. ಆಕಾಶವಾಣಿಗೆ ತನ್ನದೇ ಶ್ರೋತೃ ಸಂಶೋಧನಾ ವಿಭಾಗ ಇದೆ, ಅವರು ಜನರನ್ನೇ ಕೇಳಿ ತಿಳಿದುಕೊಳ್ಳುತ್ತಾರೆ. ಮನೆ ಬಾಗಿಲಿಗೆ ಬಂದು 'ನೀವು ಏನು ಕೇಳುತ್ತೀರಿ' ಅಂದರೆ ಯಾರೇ ಆಗಲಿ 'ಆಕಾಶವಾಣಿ ವಾರ್ತೆ' ಅನ್ನುತ್ತಾರೆಯೇ ಹೊರತು ಯಾವ ಟ್ರಾನ್ಸ್‌ಮಿಟರ್ ಅಂತ ಹೇಳುವುದಿಲ್ಲ. ನೀವಿರುವುದು ಹಾಸನದಲ್ಲಿ, ಹಾಗಾಗಿ ಹಾಸನ ಅಂತ ಊಹೆ.

'ಮನ್ ಕೀ ಬಾತ್' ಬಗ್ಗೆಯೂ ಕೆಲವರು ಕೇಳಿದ್ದೀರಿ. ಅದು ಆಕಾಶವಾಣಿ, ದೂರದರ್ಶನ, ಖಾಸಗಿ ಚಾನೆಲ್, ಯೂಟ್ಯೂಬ್ ಎಲ್ಲ ಕಡೆ ಒಟ್ಟಿಗೆ ಬರುತ್ತದೆ, ಜೊತೆಗೆ ಕನ್ನಡದಂಥ ಭಾಷೆಗಳಲ್ಲೂ ಬರುತ್ತದೆ. ಸೈಮಲ್‌ಕಾಸ್ಟ್ ಅಂದರೆ ಇದಕ್ಕಿಂತ ದೊಡ್ಡದು ನಮ್ಮಲ್ಲಿಲ್ಲ. 2023ರಲ್ಲಿ ಐಐಎಂ ರೋಹ್ಟಕ್ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 100 ಕೋಟಿ ಜನ ಒಮ್ಮೆಯಾದರೂ ಕೇಳಿದ್ದಾರೆ, 23 ಕೋಟಿ ಜನ ನಿಯಮಿತವಾಗಿ ಕೇಳುತ್ತಾರೆ ಅಂತ ಹೇಳಿದರು. ಮಾತಾಡಿಸಿದ್ದು 10,003 ಜನರನ್ನು. ಸಮೀಕ್ಷೆಯಲ್ಲಿ ಒಬ್ಬ ವ್ಯಕ್ತಿಯನ್ನು ಒಂದೇ ಸಲ ಕೇಳುವುದರಿಂದ, ಟಿವಿಯಲ್ಲೂ ರೇಡಿಯೊದಲ್ಲೂ ಕೇಳಿದವರು ಎರಡು ತಲೆ ಆಗುವ ತೊಂದರೆ ಇಲ್ಲ. ಆದರೆ 'ಕೇಳಿದ್ದೇನೆ' ಅಂತ ಬಾಯಲ್ಲಿ ಹೇಳುವುದಕ್ಕೂ ಮೀಟರ್ ಮೂರು ನಿಮಿಷ ಎಣಿಸುವುದಕ್ಕೂ ಬಹಳ ದೂರ. ಈ ಎರಡು ಥರದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಪ್ರಶ್ನೆ: ಟಿವಿಯಲ್ಲಿ ಒಂದೇ ಧಾರಾವಾಹಿ ಮಾಮೂಲಿ ಚಾನೆಲ್‌ನಲ್ಲೂ ಎಚ್‌ಡಿಯಲ್ಲೂ ಬರುತ್ತದಲ್ಲ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಅದೂ ಇದೇ ಜಾತಿ. ನಮ್ಮ ಟಿವಿ ಲೆಕ್ಕ ಮಾಡುವ ಬಾರ್ಕ್ ಕೂಡ ದನಿಯೊಳಗೆ ಗುಟ್ಟಿನ ಗುರುತು ಇಡುತ್ತದೆ, ಮನೆಯ ಮೀಟರ್ ಅದನ್ನು ಹಿಡಿಯುತ್ತದೆ. ಮಾಮೂಲಿ ಚಾನೆಲ್ ಮತ್ತು ಎಚ್‌ಡಿಗೆ ಬೇರೆ ಬೇರೆ ಗುರುತು ಇಡಬಹುದು. ಅತ್ತೆ ಸೊಸೆ ಜಗಳ ಎರಡರಲ್ಲೂ ಒಂದೇ, ನಡುವೆ ಬರುವ ಜಾಹೀರಾತು ಒಂದೇನಾ ಅಂತ ಒಮ್ಮೆ ಗಮನಿಸಿ ನೋಡಿ.

ಪ್ರಶ್ನೆ: ಮೀಟರ್ ಇಟ್ಟುಕೊಂಡವರು ಮನೆಯಲ್ಲಿ ರೇಡಿಯೊ ಹಾಕಿ, ಅದರ ಮುಂದೆ ಮೀಟರ್ ಇಟ್ಟು ಮಾರ್ಕೆಟ್‌ಗೆ ಹೋದರೆ?
– ಓದುಗರು, ಉಡುಪಿ

ಉತ್ತರ: ಮೀಟರ್ ಒಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇದೆ. ಬಹಳ ಹೊತ್ತು ಮಿಸುಕಾಡದೆ ಬಿದ್ದಿದ್ದರೆ ಅದನ್ನು ಯಾರೂ ಹಾಕಿಕೊಂಡಿಲ್ಲ ಅಂತ ಗೊತ್ತಾಗುತ್ತದೆ. ಹಾಗಾದರೆ ನಾಯಿ ಕೊರಳಿಗೆ ಕಟ್ಟಿದರೆ ಹೇಗೆ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅಲುಗಾಡಿತೋ ಇಲ್ಲವೋ ಅನ್ನೋದು ಮಾತ್ರ ಸೆನ್ಸರ್‌ಗೆ ಗೊತ್ತಾಗೋದು, ಅಲುಗಾಡಿಸಿದ್ದು ಯಾರು ಅನ್ನೋದಲ್ಲ.